ಒಂದೇ ಸಾಧನ ಕೊಳ್ಳಬೇಕಾದಾಗ: ಟಚ್‌ಸ್ಕ್ರೀನ್ ಲ್ಯಾಪ್‌ಟಾಪೋ, ಟ್ಯಾಬ್ಲೆಟ್ಟೋ?

ಗ್ರಾಮ ಪಂಚಾಯಿತಿಗಳ ವಾರ್ಷಿಕ ಯೋಜನೆಯಲ್ಲಿ ಕಚೇರಿ ಸಲಕರಣೆಗೆ ದೊರೆಯುವ ಹಣ ಸಾಮಾನ್ಯವಾಗಿ ಸ್ವಲ್ಪವೇ. ಕುಡಿಯುವ ನೀರು, ಚರಂಡಿ, ಬೀದಿ ದೀಪ, ರಸ್ತೆಗಳ ಬೇಡಿಕೆಯ ನಂತರ ಉಳಿಯುವ ಮೊತ್ತದಲ್ಲಿ ಒಂದು ಸಾಧನವನ್ನು ಕೊಳ್ಳಬಹುದು, ಎರಡನ್ನು ಕೊಳ್ಳಲಾಗದು. ಆಗ ಸಾಮಾನ್ಯ ಸಭೆಯಲ್ಲಿ "ಕಚೇರಿಯ ಒಳಗೂ ಆಗಬೇಕು, ಹೊರಗೂ ಆಗಬೇಕು" ಎಂಬ ಮಾತು ಬರುತ್ತದೆ. ಆ ವರ್ಣನೆಗೆ ಹೊಂದುವಂತೆ ಕಾಣುವ ಎರಡು ವಸ್ತುಗಳು ಮಾರುಕಟ್ಟೆಯಲ್ಲಿವೆ. ಒಂದು, ಬೆರಳಿನಿಂದ ಮುಟ್ಟಿ ನಡೆಸಬಹುದಾದ ಪರದೆಯುಳ್ಳ ಟಚ್‌ಸ್ಕ್ರೀನ್ ಲ್ಯಾಪ್‌ಟಾಪ್. ಮತ್ತೊಂದು, ದೊಡ್ಡ ಮೊಬೈಲಿನಂತಿರುವ ಟ್ಯಾಬ್ಲೆಟ್. ಎರಡಕ್ಕೂ ಸ್ಪರ್ಶ ಪರದೆ ಇರುವುದರಿಂದ ಎರಡೂ ಒಂದೇ ಬಗೆಯವೆಂದು ತೋರುತ್ತದೆ. ಆದರೆ ಕೊಂಡು ಮೂರು ತಿಂಗಳು ಕಳೆಯುವಷ್ಟರಲ್ಲಿ ಅವು ಎಷ್ಟು ಬೇರೆ ಎಂಬುದು ತಿಳಿಯುತ್ತದೆ. ಅಷ್ಟು ಹೊತ್ತಿಗೆ ಹಣ ಖರ್ಚಾಗಿ, ವಸ್ತು ದಾಸ್ತಾನು ವಹಿಯಲ್ಲಿ ನಮೂದಾಗಿರುತ್ತದೆ. ಮುಂದಿನ ನಾಲ್ಕೈದು ವರ್ಷ ಅದರೊಂದಿಗೇ ಕೆಲಸ ಸಾಗಬೇಕಾಗುತ್ತದೆ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಕಾರ್ಯದರ್ಶಿಗಳು, ಡಾಟಾ ಎಂಟ್ರಿ ಆಪರೇಟರುಗಳು, ಅರಿವು ಕೇಂದ್ರಗಳ ಮೇಲ್ವಿಚಾರಕರು ಹಾಗೂ ಚುನಾಯಿತ ಪ್ರತಿನಿಧಿಗಳಿಗೆ ಈ ಆಯ್ಕೆಯಲ್ಲಿ ನೆರವಾಗಲೆಂದು ಈ ಮಾಹಿತಿಯನ್ನು ನೀಡಲಾಗಿದೆ. ಮನೆಯಲ್ಲಿ ಓದುವ ಮಕ್ಕಳಿಗೆ ಒಂದೇ ಸಾಧನ ಕೊಡಿಸಬೇಕಾದ ಪೋಷಕರಿಗೂ ಇದರ ಕೆಲವು ಭಾಗಗಳು ಉಪಯುಕ್ತವಾಗಬಹುದು.

ಕಡತದ ಕೊನೆಯ ಹೆಜ್ಜೆಯಿಂದ ಆರಂಭಿಸುವುದು

ಅಂಗಡಿಯಲ್ಲಿ ಪರದೆಯನ್ನು ಮುಟ್ಟಿ ನೋಡಿ ನಿರ್ಧರಿಸುವುದು ವಾಡಿಕೆ. ಅದಕ್ಕಿಂತ, ಒಂದು ಅರ್ಜಿಯ ಹಾದಿಯನ್ನು ಮೊದಲಿಂದ ಕೊನೆಯವರೆಗೆ ಹಿಂಬಾಲಿಸಿ ನೋಡುವುದು ಮೇಲು. ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ-9 ಅಥವಾ ನಮೂನೆ-11ಬಿ ಕೋರಿ ಬರುವ ಅರ್ಜಿಯನ್ನೇ ತೆಗೆದುಕೊಳ್ಳಬಹುದು. ದೇವನಹಳ್ಳಿಯ ವಿಮಾನ ನಿಲ್ದಾಣದ ಸುತ್ತಲಿನ ಗ್ರಾಮಗಳು, ನೆಲಮಂಗಲದ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶದ ಆಸುಪಾಸು, ಹೊಸಕೋಟೆಯ ಹೆದ್ದಾರಿ ಬದಿಯ ಹಳ್ಳಿಗಳಲ್ಲಿ ಸ್ವತ್ತಿನ ವಹಿವಾಟು ಹೆಚ್ಚಿರುವುದರಿಂದ ಈ ಅರ್ಜಿಯ ಪರಿಚಯ ಎಲ್ಲರಿಗೂ ಇದೆ.

ಅರ್ಜಿ ಬಂದ ಮೇಲೆ ಸ್ಥಳ ಪರಿಶೀಲನೆ ನಡೆಯುತ್ತದೆ. ಛಾಯಾಚಿತ್ರ, ಅಳತೆ, ಚೆಕ್ಕುಬಂದಿಯ ವಿವರ ಸಂಗ್ರಹವಾಗುತ್ತದೆ. ಈ ಭಾಗ ಬಯಲಿನಲ್ಲಿ, ನಿಂತುಕೊಂಡೇ ಆಗುವ ಕೆಲಸ. ನಂತರ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಏರಿಸುವುದು, ಹೆಸರು ಮತ್ತು ವಿಳಾಸವನ್ನು ಕನ್ನಡದಲ್ಲಿ ಬೆರಳಚ್ಚಿಸುವುದು, ಹಳೆಯ ವಹಿಯೊಂದಿಗೆ ತಾಳೆ ನೋಡುವುದು, ಕೊನೆಗೆ ಅಭಿವೃದ್ಧಿ ಅಧಿಕಾರಿಯವರ ಡಿಜಿಟಲ್ ಸಹಿ. ಆ ಸಹಿ ಯುಎಸ್‌ಬಿ ಟೋಕನ್‌ನಲ್ಲಿರುತ್ತದೆ. ಟೋಕನ್ನನ್ನು ಗಣಕಕ್ಕೆ ಚುಚ್ಚಿ, ಅದರ ಚಾಲಕ ತಂತ್ರಾಂಶ ಚಾಲನೆಯಲ್ಲಿದ್ದು, ಗುಪ್ತ ಸಂಖ್ಯೆ ನೀಡಿದರೆ ಮಾತ್ರ ಸಹಿ ಬೀಳುತ್ತದೆ. ಇಂಥ ಟೋಕನ್‌ಗಳ ತಂತ್ರಾಂಶ ಸಾಮಾನ್ಯವಾಗಿ ವಿಂಡೋಸ್ ಗಣಕಗಳಿಗಾಗಿ ಸಿದ್ಧವಾದುದು. ಆಂಡ್ರಾಯ್ಡ್ ಟ್ಯಾಬ್ಲೆಟ್ಟಿಗೆ ಟೋಕನ್ನನ್ನು ಜೋಡಿಸುವ ತಂತಿ ಸಿಕ್ಕರೂ, ಸಹಿಯ ವ್ಯವಸ್ಥೆ ಅದನ್ನು ಗುರುತಿಸುವುದಿಲ್ಲ.

ಹೀಗೆ ನೋಡಿದಾಗ ಪಂಚಾಯಿತಿಯ ಗಣಕ ಕೆಲಸ ಎರಡು ಬಗೆಯದೆಂದು ತಿಳಿಯುತ್ತದೆ: ವಿವರವನ್ನು ಸಂಗ್ರಹಿಸುವುದು ಒಂದು, ಕಡತವನ್ನು ಮುಗಿಸುವುದು ಇನ್ನೊಂದು. ಟ್ಯಾಬ್ಲೆಟ್ ಹುಟ್ಟಿದ್ದು ಮೊದಲನೆಯದಕ್ಕೆ, ಲ್ಯಾಪ್‌ಟಾಪ್ ಎರಡನೆಯದಕ್ಕೆ. ಲ್ಯಾಪ್‌ಟಾಪಿಗೆ ಸ್ಪರ್ಶ ಪರದೆ ಸೇರಿಸಿದ ಮಾತ್ರಕ್ಕೆ ಅದು ಟ್ಯಾಬ್ಲೆಟ್ ಆಗುವುದಿಲ್ಲ. ಸಂಗ್ರಹಿಸಿದ ವಿವರ ಮುಗಿಯದೆ ಉಳಿದರೆ, ಅರ್ಜಿದಾರರು ಮತ್ತೊಂದು ದಿನದ ಕೂಲಿ ಬಿಟ್ಟು ಕಚೇರಿಗೆ ಬರಬೇಕಾಗುತ್ತದೆ.

ಬೆಂಗಳೂರಿನಲ್ಲೇ ಹುಟ್ಟಿದ ಹಳೆಯ ಪ್ರಯತ್ನ

ಹಳ್ಳಿಗೆ ಒಂದೇ ಸಾಧನ, ಬೆರಳು ಅಥವಾ ಕಡ್ಡಿಯಿಂದ ಮುಟ್ಟಿದರೆ ಸಾಕು ಎಂಬ ಆಲೋಚನೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಹಾಗೂ ಬೆಂಗಳೂರಿನ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಗಣಕದ ಮಾದರಿ 2001ರಲ್ಲಿ ಹೊರಬಂತು. ಸರಳ, ಅಗ್ಗ, ಬಹುಭಾಷಿಕ ಎಂಬುದು ಅದರ ಹೆಸರಿನಲ್ಲೇ ಅಡಗಿದ್ದ ಉದ್ದೇಶ. ಪರದೆಯನ್ನು ಕಡ್ಡಿಯಿಂದ ಮುಟ್ಟಿ ನಡೆಸಬೇಕಿತ್ತು. ಪಠ್ಯವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ವ್ಯವಸ್ಥೆಯೂ ಅದಕ್ಕಾಗಿ ತಯಾರಾಗಿತ್ತು. ಒಂದು ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಲಿ, ಪ್ರತಿಯೊಬ್ಬರ ವಿವರ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ ಇರಲಿ ಎಂಬುದು ಅದರ ಕಲ್ಪನೆಯಾಗಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಲ್ಲಿ ಅದರ ವಾಣಿಜ್ಯ ರೂಪ ಮಾರುಕಟ್ಟೆಗೆ ಬಂತು. ಕರ್ನಾಟಕದ ಭೂ ದಾಖಲೆ ಸಂಬಂಧಿತ ಕೆಲಸದಲ್ಲಿಯೂ ಅದನ್ನು ಬಳಸಿ ನೋಡಲಾಯಿತು.

ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಹರಡಲಿಲ್ಲ. ಮೊಬೈಲ್ ದೂರವಾಣಿಗಳು ಅಗ್ಗವಾಗುತ್ತ ಅದೇ ಕೆಲಸದ ಬಹುಭಾಗವನ್ನು ಮಾಡತೊಡಗಿದ್ದು ಅದಕ್ಕೆ ಮುಖ್ಯ ಕಾರಣ. ಇಂದಿನ ಟ್ಯಾಬ್ಲೆಟ್ ಖರೀದಿಗೂ ಈ ಮಾತು ಅನ್ವಯಿಸುತ್ತದೆ. ಟ್ಯಾಬ್ಲೆಟ್ ಮಾಡುವ ಕೆಲಸದಲ್ಲಿ ಎಷ್ಟು ಭಾಗವನ್ನು ಸಿಬ್ಬಂದಿಯ ಕೈಯಲ್ಲಿ ಈಗಾಗಲೇ ಇರುವ ಮೊಬೈಲ್ ಮಾಡುತ್ತಿದೆ ಎಂದು ಮೊದಲು ಕೇಳಿಕೊಳ್ಳಬೇಕು. ಹಂಚಿಕೊಳ್ಳುವ ಯಂತ್ರದಲ್ಲಿ ಒಬ್ಬರ ವಿವರ ಇನ್ನೊಬ್ಬರಿಗೆ ಕಾಣದಂತೆ ಇಡಬೇಕೆಂಬ ಅಂದಿನ ವಿನ್ಯಾಸಕಾರರ ಎಚ್ಚರವಂತೂ ಇಂದು ಹೆಚ್ಚು ಪ್ರಸ್ತುತವಾಗಿದೆ.

ಲ್ಯಾಪ್‌ಟಾಪಿನ ಪರದೆಯನ್ನು ಮುಟ್ಟುವುದರಿಂದ ಆಗುವುದೇನು

ಈಗಿನ ಸ್ಪರ್ಶ ಪರದೆಯ ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದ ವಾಹಕ ಗೆರೆಗಳ ಜಾಲವಿರುತ್ತದೆ. ಬೆರಳು ಹತ್ತಿರ ಬಂದಾಗ ಆ ಜಾಗದ ವಿದ್ಯುತ್ ಧಾರಣೆ ಬದಲಾಗಿ, ಎಲ್ಲಿ ಮುಟ್ಟಲಾಯಿತೆಂದು ಯಂತ್ರ ಅರಿಯುತ್ತದೆ. ಒದ್ದೆಯಾದ ಕೈ, ಮಣ್ಣು ಮೆತ್ತಿದ ಕೈ, ದುಡಿದು ಜಡ್ಡುಗಟ್ಟಿ ಒಣಗಿದ ಬೆರಳು ಇವುಗಳಿಗೆ ಪರದೆ ಕೆಲವೊಮ್ಮೆ ಸ್ಪಂದಿಸದಿರಲು ಇದೇ ಕಾರಣ. ಅದು ಯಂತ್ರದ ದೋಷವೂ ಅಲ್ಲ, ಮುಟ್ಟಿದವರ ತಪ್ಪೂ ಅಲ್ಲ. ಕಾಮಗಾರಿ ಸ್ಥಳದಲ್ಲಿ ಒಂದು ಒಣಬಟ್ಟೆ ಇಟ್ಟುಕೊಂಡರೆ ಸಾಕು.

ಮೇಜಿನ ಮೇಲೆ ನೆಟ್ಟಗೆ ನಿಂತ ಪರದೆಯ ತೊಂದರೆ ಬೇರೆಯೇ. ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಚಾಚಿ, ಆಸರೆಯಿಲ್ಲದೆ ಹಿಡಿದು ಮುಟ್ಟಬೇಕು. ಹತ್ತು ಬಾರಿ ಮುಟ್ಟಿದರೆ ಗೊತ್ತಾಗುವುದಿಲ್ಲ; ದಿನವಿಡೀ ಮುಟ್ಟಿದರೆ ಭುಜ ನೋಯುತ್ತದೆ. ಗಣಕ ವಿನ್ಯಾಸಕಾರರು ಇದನ್ನು ತಮಾಷೆಯಾಗಿ "ಗೊರಿಲ್ಲಾ ತೋಳು" ಎಂದು ಕರೆಯುತ್ತ ಬಂದಿದ್ದಾರೆ. ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ 2010ರ ಅಕ್ಟೋಬರ್‌ನಲ್ಲಿ, ಸ್ಪರ್ಶಕ್ಕೆ ಮಲಗಿದ ಪರದೆ ಸರಿಯೇ ಹೊರತು ನಿಂತ ಪರದೆ ಅಲ್ಲವೆಂದು ಇದೇ ಕಾರಣ ನೀಡಿ ಹೇಳಿದ್ದರು. ಎರಡು ವರ್ಷಗಳ ನಂತರ, 2012ರ ಅಕ್ಟೋಬರ್‌ನಲ್ಲಿ, ಮೈಕ್ರೋಸಾಫ್ಟ್ ಸ್ಪರ್ಶವನ್ನೇ ಮುಂದಿಟ್ಟುಕೊಂಡು ವಿಂಡೋಸ್ 8 ಅನ್ನು ಬಿಡುಗಡೆ ಮಾಡಿತು. ಟಚ್‌ಸ್ಕ್ರೀನ್ ಲ್ಯಾಪ್‌ಟಾಪ್‌ಗಳು ವ್ಯಾಪಕವಾಗಿ ಅಂಗಡಿಗೆ ಬಂದದ್ದು ಆ ಕಾಲದಲ್ಲಿ. ಆದರೂ ಕಚೇರಿಯಲ್ಲಿ ಬಳಸುವ ವೆಬ್ ತಂತ್ರಾಂಶಗಳ ಚಿಕ್ಕ ಗುಂಡಿಗಳು, ಕಿರಿದಾದ ಪಟ್ಟಿಗಳು ಇಂದಿಗೂ ಮೌಸಿನ ಮೊನೆಗೆ ಹೊಂದುವಂಥವು, ಬೆರಳಿನ ತುದಿಗೆ ಅಲ್ಲ.

ಸ್ಪರ್ಶ ಪರದೆಗೆ ತೆರಬೇಕಾದ ಬೆಲೆ ಬಿಲ್ಲಿನಲ್ಲಿ ಕಾಣುವುದಷ್ಟೇ ಅಲ್ಲ. ಅದು ಹೆಚ್ಚು ಬ್ಯಾಟರಿ ಬಳಸುತ್ತದೆ. ಅದರ ಗಾಜು ಸಾಮಾನ್ಯವಾಗಿ ಹೊಳಪಿನದಾದ್ದರಿಂದ ಕಿಟಕಿಯ ಬೆಳಕು, ಬಯಲಿನ ಬಿಸಿಲು ಅದರಲ್ಲಿ ಪ್ರತಿಫಲಿಸಿ ಅಕ್ಷರ ಮಸುಕಾಗುತ್ತದೆ. ಗಾಜೂ ಪರದೆಯೂ ಅಂಟಿಕೊಂಡಿರುವುದರಿಂದ ಒಂದು ಬಿರುಕು ಬಿಟ್ಟರೆ ಇಡೀ ಫಲಕವನ್ನೇ ಬದಲಿಸಬೇಕಾಗಬಹುದು. ಹೊಳಪಿಲ್ಲದ ಸಾಮಾನ್ಯ ಪರದೆಯ ಲ್ಯಾಪ್‌ಟಾಪ್ ಈ ಮೂರರಲ್ಲೂ ಮೇಲು.

ಸ್ಪರ್ಶ ಪರದೆ ನಿಜವಾಗಿ ನೆರವಾಗುವ ಒಂದು ಸಂದರ್ಭವನ್ನು ಇಲ್ಲಿ ಹೇಳಲೇಬೇಕು. ಪೂರ್ತಿ ಹಿಂದಕ್ಕೆ ಮಡಚಬಹುದಾದ ಲ್ಯಾಪ್‌ಟಾಪನ್ನು ಕೌಂಟರಿನಲ್ಲಿ ಅರ್ಜಿದಾರರ ಕಡೆಗೆ ತಿರುಗಿಸಿದರೆ, ದೃಷ್ಟಿ ಮಂದವಾಗಿರುವ ಹಿರಿಯರೂ ಎರಡು ಬೆರಳಿನಿಂದ ಅಕ್ಷರವನ್ನು ಹಿಗ್ಗಿಸಿ ತಮ್ಮ ಹೆಸರು, ಚೆಕ್ಕುಬಂದಿ ಸರಿಯಾಗಿದೆಯೇ ಎಂದು ಸಲ್ಲಿಕೆಗೆ ಮೊದಲೇ ನೋಡಬಹುದು. ಬಾಪೂಜಿ ಸೇವಾ ಕೇಂದ್ರದ ಮೇಜಿನಲ್ಲಿ ಇದು ಸಣ್ಣ ಅನುಕೂಲವಲ್ಲ. ಆದರೆ ತಿರುಗಿಸಿಟ್ಟ ಸಾಮಾನ್ಯ ಪರದೆಯಲ್ಲಿ ಅಕ್ಷರವನ್ನು ಸಿಬ್ಬಂದಿಯೇ ಹಿಗ್ಗಿಸಿ ತೋರಿಸಿದರೂ ಉದ್ದೇಶ ಈಡೇರುತ್ತದೆ.

ಹೆಸರು ಬರೆಯುವ ಕೆಲಸ

ಆಯ್ಕೆಯ ತೂಕ ನಿಜವಾಗಿ ಬೀಳುವುದು ಕನ್ನಡ ಬೆರಳಚ್ಚಿನ ಮೇಲೆ. ಲಕ್ಷ್ಮಮ್ಮ ಎಂಬ ಹೆಸರು ಒಂದು ದಾಖಲೆಯಲ್ಲಿ "ಲಕ್ಷಮ್ಮ" ಎಂದಾಗಿ, ಕೃಷ್ಣಪ್ಪ ಎಂಬುದು ಇನ್ನೊಂದರಲ್ಲಿ "ಕ್ರಿಷ್ಣಪ್ಪ" ಎಂದಾಗಿ, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕ ಮತ್ತು ಸ್ವತ್ತಿನ ವಹಿ ಒಂದಕ್ಕೊಂದು ತಾಳೆಯಾಗದ ಪ್ರಕರಣಗಳು ಪ್ರತಿ ಪಂಚಾಯಿತಿಗೂ ಗೊತ್ತು. ಒಂದು ಒತ್ತಕ್ಷರ ಬಿಟ್ಟುಹೋದುದಕ್ಕೆ ಪಿಂಚಣಿ ತಡವಾಗುತ್ತದೆ, ಸಾಲದ ಅರ್ಜಿ ಹಿಂದಿರುಗುತ್ತದೆ, ಪ್ರಮಾಣ ಪತ್ರ ಮಾಡಿಸಲು ನೋಟರಿಯ ಬಳಿಗೆ ಹೋಗಬೇಕಾಗುತ್ತದೆ.

ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶದಲ್ಲಿ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯ ಮೇಲೆ ಬೆರಳಚ್ಚಿಸಲು ಕಲಿತ ಆಪರೇಟರ್ ಒತ್ತಕ್ಷರವನ್ನು ತಾನೇ ಕಟ್ಟುತ್ತಾರೆ: ಅಕ್ಷರ, ಅದನ್ನು ಬೆಸೆಯುವ ಎಫ್ ಕೀಲಿ, ಮುಂದಿನ ಅಕ್ಷರ. ಯಾವ ಕೀಲಿ ಒತ್ತಿದರೋ ಅದೇ ಮೂಡುತ್ತದೆ. ಟ್ಯಾಬ್ಲೆಟ್ಟಿನ ಪರದೆಯ ಮೇಲಿನ ಕೀಲಿಮಣೆಗಳು ಹಾಗಲ್ಲ. ಅವು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ್ದನ್ನು ಊಹಿಸಿ ಕನ್ನಡ ಪದವನ್ನು ಸೂಚಿಸುತ್ತವೆ, ಅಥವಾ ಒತ್ತಿದ ಪದವನ್ನು ತಮಗೆ ಗೊತ್ತಿರುವ ಪದಕ್ಕೆ ತಿದ್ದುತ್ತವೆ. ಸಂದೇಶ ಕಳುಹಿಸಲು ಇದು ಬಲು ಅನುಕೂಲ. ವ್ಯಕ್ತಿನಾಮ, ಊರಿನ ಹೆಸರು, ಸರ್ವೆ ನಂಬರಿನ ವಿಷಯದಲ್ಲಿ ಊಹೆ ಅಪಾಯಕಾರಿ. ಧ್ವನಿಯಿಂದ ಬರೆಸುವ ಸೌಲಭ್ಯಕ್ಕೂ ಇದೇ ಮಿತಿಯಿದೆ. ಸಭಾ ನಡವಳಿಯ ಮೊದಲ ಕರಡಿಗೆ ಅದು ಒದಗೀತು. ಫಲಾನುಭವಿಗಳ ಪಟ್ಟಿಗೆ ಒದಗದು.

ಇನ್ನೊಂದು ತೊಡಕು ಹಳೆಯ ಕಡತಗಳದ್ದು. ಯೂನಿಕೋಡ್ ಬಳಕೆ ಸಾರ್ವತ್ರಿಕವಾಗುವ ಮುನ್ನ ಬೆರಳಚ್ಚಿಸಿದ ನಡವಳಿ, ನೋಟಿಸು, ಪಟ್ಟಿಗಳು ನುಡಿಯ ಹಳೆಯ ಅಕ್ಷರ ವಿನ್ಯಾಸಗಳಲ್ಲಿವೆ. ಆ ಫಾಂಟು ಇಲ್ಲದ ಸಾಧನದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು ಕಾಣುತ್ತದೆ. ಕಡತ ಹಾಳಾಗಿದೆಯೆಂದು ಅಳಿಸಿಬಿಡುವುದೂ ಉಂಟು. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ನುಡಿ ಅಳವಡಿಸಿದರೆ ಅದೇ ಕಡತ ಓದಲು ಬರುತ್ತದೆ, ಯೂನಿಕೋಡಿಗೆ ಪರಿವರ್ತಿಸಲೂ ಬರುತ್ತದೆ. ಟ್ಯಾಬ್ಲೆಟ್ಟಿನಲ್ಲಿ ಇದು ಬಹುತೇಕ ಆಗದ ಕೆಲಸ. ಇಪ್ಪತ್ತು ವರ್ಷಗಳ ದಾಖಲೆಯಿರುವ ಕಚೇರಿಗೆ ಈ ಒಂದು ಕಾರಣವೇ ಸಾಕಾಗಬಹುದು.

ಟ್ಯಾಬ್ಲೆಟ್ಟಿಗೆ ಸಲ್ಲಬೇಕಾದ ಮನ್ನಣೆ

ಹಾಗೆಂದು ಟ್ಯಾಬ್ಲೆಟ್ಟನ್ನು ಆಟಿಕೆಯೆಂದು ತಳ್ಳಿಹಾಕುವಂತಿಲ್ಲ. ತೂಬಗೆರೆ ಅಥವಾ ಸಾಸಲು ಹೋಬಳಿಯ ಒಂದು ಕೆರೆಯ ಏರಿಯ ಮೇಲೆ ನಿಂತು ಕಾಮಗಾರಿಯ ಚಿತ್ರ ತೆಗೆಯಬೇಕಾದವರ ಕೈಗೆ ಒಂದೂವರೆ ಕಿಲೋ ತೂಕದ ಲ್ಯಾಪ್‌ಟಾಪ್ ಕೊಟ್ಟರೆ ಉಪಯೋಗವಿಲ್ಲ. ಅದರ ಕ್ಯಾಮೆರಾ ಬಳಸುವವರ ಮುಖದತ್ತ ತಿರುಗಿರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಜಿಪಿಎಸ್ ಇರುವುದಿಲ್ಲ. ಸುತ್ತಲಿನ ವೈಫೈ ಜಾಲದಿಂದ ಸ್ಥಳವನ್ನು ಅಂದಾಜು ಮಾಡುತ್ತದೆ, ಬಯಲಿನಲ್ಲಿ ಆ ಅಂದಾಜು ನೆಚ್ಚತಕ್ಕದ್ದಲ್ಲ. ಅರ್ಧ ಕಿಲೋ ತೂಗುವ ಟ್ಯಾಬ್ಲೆಟ್ಟಿಗೆ ಹಿಂಬದಿ ಕ್ಯಾಮೆರಾ ಇದೆ, ಮಾದರಿಗೆ ಅನುಗುಣವಾಗಿ ಸಿಮ್ ಮತ್ತು ಜಿಪಿಎಸ್ ಇದೆ, ಒತ್ತಿದ ಕೂಡಲೇ ಎಚ್ಚರಗೊಳ್ಳುತ್ತದೆ.

ಕ್ಷೇತ್ರ ಕಾರ್ಯದ ತಂತ್ರಾಂಶಗಳು ಆಂಡ್ರಾಯ್ಡಿಗಾಗಿಯೇ ಬರುತ್ತಿರುವುದೂ ನಿಜ. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಕೂಲಿಕಾರರ ಹಾಜರಾತಿಯನ್ನು ದಿನಕ್ಕೆ ಎರಡು ಬಾರಿ ಸ್ಥಳ ಮತ್ತು ಸಮಯ ಸಹಿತ ಚಿತ್ರದೊಂದಿಗೆ ದಾಖಲಿಸುವ ಎನ್‌ಎಂಎಂಎಸ್ ಆ್ಯಪ್ 2023ರ ಜನವರಿ 1ರಿಂದ, ವೈಯಕ್ತಿಕ ಫಲಾನುಭವಿ ಕಾಮಗಾರಿಗಳ ಹೊರತು, ಕಡ್ಡಾಯವಾಯಿತು. ಚಿತ್ರ ಏರದಿದ್ದರೆ ಹಾಜರಾತಿ ಇಲ್ಲ, ಹಾಜರಾತಿ ಇಲ್ಲದಿದ್ದರೆ ಕೂಲಿ ಇಲ್ಲ. ಅಂಗನವಾಡಿಗಳ ಪೋಷಣ್ ಟ್ರ್ಯಾಕರ್, ರೈತರ ಬೆಳೆ ಸಮೀಕ್ಷೆ ಇವೂ ಮೊಬೈಲ್ ಆ್ಯಪ್ ಆಧಾರಿತವೇ. ವಿಂಡೋಸ್ ಲ್ಯಾಪ್‌ಟಾಪಿನಲ್ಲೇ ಆಂಡ್ರಾಯ್ಡ್ ಆ್ಯಪ್ ಓಡಿಸಬಹುದೆಂದು ಮಾರಾಟಗಾರರು ಹೇಳುವುದುಂಟು. ಅದಕ್ಕಾಗಿ ಮೈಕ್ರೋಸಾಫ್ಟ್ ಒದಗಿಸಿದ್ದ ವ್ಯವಸ್ಥೆ 2025ರ ಮಾರ್ಚ್ 5ಕ್ಕೆ ನಿಂತುಹೋಗಿದೆ. ಆ ಭರವಸೆಯ ಮೇಲೆ ಖರೀದಿ ನಿರ್ಧರಿಸುವುದು ಸಲ್ಲದು.

ಇಲ್ಲೇ ಸಿಂಪ್ಯೂಟರಿನ ಪ್ರಶ್ನೆ ಮರಳುತ್ತದೆ. ಕ್ಷೇತ್ರದ ಈ ಕೆಲಸಗಳನ್ನು ಮಾಡುವ ಕಾಯಕ ಬಂಧುಗಳು, ಕಾರ್ಯಕರ್ತೆಯರು, ಕರ ವಸೂಲಿಗಾರರು ಹಲವರು, ಟ್ಯಾಬ್ಲೆಟ್ ಒಂದು. ಒಂದೇ ಬೆಳಗ್ಗೆ ಮೂರು ಹಳ್ಳಿಗಳಲ್ಲಿ ಹಾಜರಾತಿ ತೆಗೆಯಬೇಕಾದಾಗ ಪಂಚಾಯಿತಿಯ ಒಂದು ಟ್ಯಾಬ್ಲೆಟ್ ಎರಡು ಹಳ್ಳಿಗಳಿಗೆ ಇಲ್ಲದಂತೆಯೇ. ಆ ಕೆಲಸ ಈಗಿನಂತೆ ಅವರವರ ಮೊಬೈಲಿನಲ್ಲೇ ನಡೆಯಬೇಕಾಗುತ್ತದೆ. ಆಗ ಟ್ಯಾಬ್ಲೆಟ್ ಕಚೇರಿಗೆ ಮರಳಿ, ಅಲ್ಲಿ ಸಹಿಯನ್ನೂ ಮಾಡಲಾಗದೆ, ಪಟ್ಟಿಯನ್ನೂ ಬೆರಳಚ್ಚಿಸಲಾಗದೆ, ಚಿತ್ರ ನೋಡುವ ಫಲಕವಾಗಿ ಉಳಿಯುವ ಸಂಭವವಿದೆ.

ಟ್ಯಾಬ್ಲೆಟ್ಟನ್ನೇ ಕೊಳ್ಳುವುದಾದರೆ ವೈಫೈ ಮಾತ್ರ ಇರುವ ಅಗ್ಗದ ಮಾದರಿಯನ್ನು ಕ್ಷೇತ್ರ ಕಾರ್ಯಕ್ಕೆ ಕೊಳ್ಳಬಾರದು. ಅಂಥ ಕೆಲವು ಮಾದರಿಗಳಲ್ಲಿ ಜಿಪಿಎಸ್ ಕೂಡ ಇರುವುದಿಲ್ಲ. ಭದ್ರತಾ ಪರಿಷ್ಕರಣೆ ಯಾವ ವರ್ಷದವರೆಗೆ ಬರುತ್ತದೆಂಬುದನ್ನು ಲಿಖಿತವಾಗಿ ಕೇಳಬೇಕು. ಪರಿಷ್ಕರಣೆ ನಿಂತ ಟ್ಯಾಬ್ಲೆಟ್ ನೋಡಲು ಹೊಸದಾಗಿಯೇ ಇದ್ದರೂ ಸರ್ಕಾರಿ ಆ್ಯಪ್‌ಗಳ ಹೊಸ ಆವೃತ್ತಿಗಳು ಅದರಲ್ಲಿ ಕ್ರಮೇಣ ಕೂರದಾಗುತ್ತವೆ.

ವಿದ್ಯಾರ್ಥಿಗಳ ವಿಷಯದಲ್ಲಿ ರಾಜ್ಯದ ಅನುಭವ

ಇದೇ ಆಯ್ಕೆಯನ್ನು ರಾಜ್ಯವೇ ದೊಡ್ಡ ಪ್ರಮಾಣದಲ್ಲಿ ಮಾಡಿದ್ದುಂಟು. 2020ರ ಆರಂಭದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ನೀಡಲಾಯಿತು. ಮರುವರ್ಷ, ಕೋವಿಡ್ ಕಾಲದಲ್ಲಿ, 2021ರ ಜೂನ್‌ನಲ್ಲಿ, ಸರ್ಕಾರಿ ಪದವಿ, ಎಂಜಿನಿಯರಿಂಗ್ ಹಾಗೂ ಪಾಲಿಟೆಕ್ನಿಕ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಸುಮಾರು 163 ಕೋಟಿ ರೂಪಾಯಿ ವೆಚ್ಚದಲ್ಲಿ ಟ್ಯಾಬ್ಲೆಟ್ ವಿತರಣೆಗೆ ಚಾಲನೆ ದೊರೆಯಿತು. ತಲಾ ಲೆಕ್ಕ ಹಾಕಿದರೆ ಹತ್ತು ಸಾವಿರ ರೂಪಾಯಿಗೆ ತುಸು ಮೇಲು. ಆ ಮೊತ್ತಕ್ಕೆ ಲ್ಯಾಪ್‌ಟಾಪ್ ದೊರೆಯದು.

ಎರಡೂ ನಿರ್ಧಾರಗಳು ತಮ್ಮ ತಮ್ಮ ಕಾಲಕ್ಕೆ ಹೊಂದಿದ್ದವು. ತರಗತಿ ಮುಚ್ಚಿ, ಪಾಠ ಪರದೆಯ ಮೇಲೆ ಬರುತ್ತಿದ್ದಾಗ ಪಾಠ ನೋಡಲು ಮತ್ತು ಓದಲು ಟ್ಯಾಬ್ಲೆಟ್ ತಕ್ಕುದಾಗಿತ್ತು, ಹೆಚ್ಚು ಮಂದಿಗೆ ತಲುಪುವಂತಿತ್ತು. ಪ್ರಾಜೆಕ್ಟ್ ವರದಿ ಬರೆಯುವ, ಲೆಕ್ಕಪತ್ರದ ಹಾಳೆ ಸಿದ್ಧಪಡಿಸುವ, ಪ್ರೋಗ್ರಾಮಿಂಗ್ ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಲ್ಯಾಪ್‌ಟಾಪೇ ಬೇಕು. ಹೈಸ್ಕೂಲಿನಲ್ಲಿರುವ ಮಗುವಿಗೆ ಪಾಠ ನೋಡಲು, ಪಠ್ಯಪುಸ್ತಕದ ಪಿಡಿಎಫ್ ಓದಲು ಟ್ಯಾಬ್ಲೆಟ್ ಸಾಕು. ಪದವಿ, ಡಿಪ್ಲೊಮಾ ಅಥವಾ ವಾಣಿಜ್ಯ ವಿಷಯ ಓದುವವರಿಗೆ ಆ ಹಣವನ್ನು ಕೂಡಿಟ್ಟು ಒಂದು ವರ್ಷ ತಡವಾದರೂ ಲ್ಯಾಪ್‌ಟಾಪ್ ಕೊಡಿಸುವುದು ಲೇಸು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ದುಡಿಮೆಯಿಂದ ಮಕ್ಕಳನ್ನು ಓದಿಸುವ ಕುಟುಂಬಕ್ಕೆ ಎರಡು ಬಾರಿ ಕೊಳ್ಳುವುದು ಸುಲಭವಲ್ಲ.

ಅರಿವು ಕೇಂದ್ರಗಳಲ್ಲಿ ಮಾತ್ರ ಟ್ಯಾಬ್ಲೆಟ್ಟಿಗೆ ಮೊದಲ ಸ್ಥಾನ ಕೊಡಬಹುದು. ಅಲ್ಲಿ ಮಕ್ಕಳು ಓದುತ್ತಾರೆ, ಚಿತ್ರ ನೋಡುತ್ತಾರೆ, ಕೇಳುತ್ತಾರೆ. ನೆಲದ ಮೇಲೆ ನಾಲ್ವರು ಸುತ್ತ ಕುಳಿತು ಒಂದು ಪರದೆಯನ್ನು ಹಂಚಿಕೊಳ್ಳುವುದು ಲ್ಯಾಪ್‌ಟಾಪಿಗಿಂತ ಟ್ಯಾಬ್ಲೆಟ್ಟಿನಲ್ಲಿ ಸುಲಭ. ಸಹಿ, ಕಡತ, ಮುದ್ರಣ ಯಾವುದೂ ಅಲ್ಲಿ ಬೇಕಾಗಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕರು ಅರ್ಜಿ ತುಂಬಲು ಕೇಂದ್ರದಲ್ಲಿ ಈಗಾಗಲೇ ಇರುವ ಗಣಕವನ್ನು ಬಳಸಬಹುದು.

ನಡುವಿನ ದಾರಿಗಳು

ಕೀಲಿಮಣೆ ಜೋಡಿಸಬಹುದಾದ ಟ್ಯಾಬ್ಲೆಟ್ ಕೊಂಡರೆ ಎರಡೂ ಸಿಕ್ಕಂತಾಯಿತಲ್ಲವೇ ಎಂದು ಕೇಳುವವರಿದ್ದಾರೆ. ಬೆರಳಚ್ಚಿನ ಕಷ್ಟ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಸಹಿಯ ಟೋಕನ್, ಹಳೆಯ ನುಡಿ ಕಡತ, ಸ್ಕ್ಯಾನರ್ ಮತ್ತು ಪ್ರಿಂಟರಿನ ಚಾಲಕ ತಂತ್ರಾಂಶ ಈ ಸಮಸ್ಯೆಗಳು ಹಾಗೆಯೇ ಉಳಿಯುತ್ತವೆ. ಕೀಲಿಮಣೆ ಮತ್ತು ಹೊದಿಕೆಯ ಬೆಲೆ ಸೇರಿಸಿದಾಗ ಸಾಧಾರಣ ಲ್ಯಾಪ್‌ಟಾಪಿನ ಬೆಲೆಯೇ ಹತ್ತಿರ ಬರುತ್ತದೆ. ಕ್ರೋಮ್‌ಬುಕ್ ಬೆಲೆಯಲ್ಲಿ ಹಗುರ, ವೆಬ್ ಕೆಲಸಕ್ಕೆ ಚುರುಕು. ಅಲ್ಲಿಯೂ ವಿಂಡೋಸ್ ತಂತ್ರಾಂಶಗಳು ಓಡುವುದಿಲ್ಲ. ವಿಂಡೋಸ್ ಇರುವ ಟ್ಯಾಬ್ಲೆಟ್‌ಗಳು ತಾಂತ್ರಿಕವಾಗಿ ಸರಿಯಾದ ಉತ್ತರ, ಆದರೆ ಅವುಗಳಲ್ಲಿ ಕೆಲಸಕ್ಕೆ ಬರುವಂಥವುಗಳ ಬೆಲೆ ಪಂಚಾಯಿತಿಯ ಒಂದು ಸಾಧನದ ಮೊತ್ತವನ್ನು ಮೀರುತ್ತದೆ.

ಪಂಚಾಯಿತಿ ಕಚೇರಿಗೆ ಒಂದೇ ಸಾಧನವೆಂದಾದರೆ ಅದು ಲ್ಯಾಪ್‌ಟಾಪ್ ಆಗಿರತಕ್ಕದ್ದು. ಅದರಲ್ಲಿಯೂ ಸ್ಪರ್ಶ ಪರದೆಯನ್ನು ಕೊನೆಯ ಆದ್ಯತೆಯಾಗಿ ಇಟ್ಟುಕೊಳ್ಳುವುದು ಸೂಕ್ತ. ಸ್ಪರ್ಶಕ್ಕೆಂದು ಕೊಡುವ ಹೆಚ್ಚಿನ ಹಣವನ್ನು ಬೇರೆಡೆ ಹಾಕಿದರೆ ಪ್ರತಿದಿನ ಫಲ ಸಿಗುತ್ತದೆ. 4 ಜಿಬಿ ಮೆಮೊರಿ ವಿಂಡೋಸ್ 11ಕ್ಕೆ ನಿಗದಿಯಾದ ಕನಿಷ್ಠ ಮಟ್ಟ. ನಾಲ್ಕಾರು ವೆಬ್ ಪುಟ, ಒಂದು ಲೆಕ್ಕದ ಹಾಳೆ, ಸ್ಕ್ಯಾನರ್ ಒಟ್ಟಿಗೆ ತೆರೆದಾಗ ಅದು ನಿಂತೇಬಿಡುತ್ತದೆ. 8 ಜಿಬಿ ಇರಲೇಬೇಕು, 16 ಇದ್ದರೆ ಐದು ವರ್ಷ ನೆಮ್ಮದಿ. ಸಂಗ್ರಹಕ್ಕೆ 512 ಜಿಬಿಯ ಎಸ್‌ಎಸ್‌ಡಿ ಒಳ್ಳೆಯದು. ಹಳೆಯ ದಾಸ್ತಾನಿನ ವಿಂಡೋಸ್ 10 ಯಂತ್ರವನ್ನು ಅಗ್ಗವೆಂದು ಕೊಳ್ಳಬಾರದು. ಆ ಆವೃತ್ತಿಗೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಚೇರಿಗೇ ಬಂದು ದುರಸ್ತಿ ಮಾಡುವ ಮೂರು ವರ್ಷಗಳ ವಾರಂಟಿ, ಕೆಟ್ಟರೆ ಬದಲಿಸಬಹುದಾದ ಬ್ಯಾಟರಿ ಇವೂ ಸ್ಪರ್ಶಕ್ಕಿಂತ ಮುಖ್ಯ. ಬೇಸಿಗೆಯಲ್ಲಿ ವಿದ್ಯುತ್ ಹೋದಾಗ ಡೆಸ್ಕ್‌ಟಾಪ್ ನಿಂತರೂ ಲ್ಯಾಪ್‌ಟಾಪಿನ ಬ್ಯಾಟರಿ ಎರಡು ಮೂರು ಗಂಟೆ ಕೌಂಟರನ್ನು ನಡೆಸುತ್ತದೆ. ಸ್ಥಳ ಪರಿಶೀಲನೆಯ ಚಿತ್ರಗಳು ಮೊಬೈಲಿನಿಂದಲೇ ಬರಲಿ. ಹೊರಗೆ ಅಂತರಜಾಲ ಬೇಕಾದಾಗ ಅದೇ ಮೊಬೈಲಿನ ಹಾಟ್‌ಸ್ಪಾಟ್ ಸಾಕಾಗುತ್ತದೆ.

ಹಂಚಿಕೊಂಡು ಬಳಸುವ ಯಂತ್ರದಲ್ಲಿ ಪ್ರತಿ ಸಿಬ್ಬಂದಿಗೂ ಪ್ರತ್ಯೇಕ ಬಳಕೆದಾರ ಖಾತೆ ಮತ್ತು ಗುಪ್ತಪದ ಇರಬೇಕು. ನಾಗರಿಕರ ಆಧಾರ್ ಪ್ರತಿ, ಬ್ಯಾಂಕ್ ವಿವರ ಎಲ್ಲರಿಗೂ ಕಾಣುವ ಫೋಲ್ಡರಿನಲ್ಲಿ ಉಳಿಯಬಾರದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರವಾದ ನಂತರ ಇದು ಕೇವಲ ಸೌಜನ್ಯದ ವಿಷಯವಾಗಿ ಉಳಿದಿಲ್ಲ. ಅಭಿವೃದ್ಧಿ ಅಧಿಕಾರಿಯವರ ಸಹಿ ಟೋಕನ್ನನ್ನು ಯಂತ್ರಕ್ಕೆ ಚುಚ್ಚಿಯೇ ಬಿಟ್ಟು ಹೋಗುವ ಅಭ್ಯಾಸ ಎಲ್ಲಿದ್ದರೂ ನಿಲ್ಲಬೇಕು. ಟೋಕನ್ ಅವರ ಜೇಬಿನಲ್ಲಿರಬೇಕು, ಗುಪ್ತ ಸಂಖ್ಯೆ ಮೇಜಿನ ಗಾಜಿನಡಿಯ ಚೀಟಿಯಲ್ಲಿ ಇರಬಾರದು.

ಸರಬರಾಜಾದ ದಿನ

ಜೆಮ್ ಪೋರ್ಟಲ್ ಮೂಲಕವಾಗಲಿ, ಪಾರದರ್ಶಕ ಕಾಯ್ದೆಯ ಅನ್ವಯ ದರಪಟ್ಟಿ ಕರೆದಾಗಲಿ, ಕೊಳ್ಳುವ ಮೊದಲು ತಾಂತ್ರಿಕ ವಿವರಣೆಯಲ್ಲಿ "ಟಚ್‌ಸ್ಕ್ರೀನ್" ಎಂಬ ಒಂದು ಪದ ಬರೆದು ಉಳಿದುದನ್ನು ಸರಬರಾಜುದಾರರಿಗೆ ಬಿಡಬಾರದು. ಮೆಮೊರಿ, ಎಸ್‌ಎಸ್‌ಡಿ, ಪರದೆಯ ಬಗೆ, ಸಾಮಾನ್ಯ ಗಾತ್ರದ ಯುಎಸ್‌ಬಿ ಕಿಂಡಿಗಳ ಸಂಖ್ಯೆ, ವಾರಂಟಿಯ ಸ್ವರೂಪ ಇವನ್ನು ಸ್ಪಷ್ಟವಾಗಿ ನಮೂದಿಸಬೇಕು. ತೆಳುವಾದ ಹೊಸ ಮಾದರಿಗಳಲ್ಲಿ ಒಂದೇ ಕಿಂಡಿ ಇರುವುದುಂಟು. ಟೋಕನ್, ಬೆರಳಚ್ಚು ಸಾಧನ ಮತ್ತು ಪ್ರಿಂಟರ್ ಒಟ್ಟಿಗೆ ಬೇಕಾದಾಗ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಯಂತ್ರ ಕಚೇರಿಗೆ ಬಂದ ದಿನ, ಬಿಲ್ಲಿಗೆ ಸಹಿ ಮಾಡುವ ಮೊದಲು, ಅದರಲ್ಲಿ ಒಂದು ಕಡತವನ್ನು ಪೂರ್ಣವಾಗಿ ನಡೆಸಿ ನೋಡಬೇಕು. ಟೋಕನ್ ಚುಚ್ಚಿ ಅದು ಗುರುತಾಗುತ್ತದೆಯೇ, ಬೆರಳಚ್ಚು ಸಾಧನದ ಸೇವೆ ಚಾಲನೆಯಾಗುತ್ತದೆಯೇ, ಕಚೇರಿಯ ಪ್ರಿಂಟರಿನಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಬೀಳುತ್ತದೆಯೇ ಎಂಬುದನ್ನು ಪರಿಶೀಲಿಸಬೇಕು. ನುಡಿ ಅಳವಡಿಸಿ ಹತ್ತು ವರ್ಷ ಹಿಂದಿನ ಒಂದು ನಡವಳಿಯನ್ನು ತೆರೆಯಬೇಕು. ಚಾರ್ಜರ್ ತೆಗೆದು ಎಷ್ಟು ಹೊತ್ತು ನಡೆಯುತ್ತದೆಂದು ಗಡಿಯಾರ ನೋಡಬೇಕು. ಕೊನೆಗೆ ಆಪರೇಟರ್ ತಮ್ಮ ಎಂದಿನ ವೇಗದಲ್ಲಿ ಹತ್ತು ಫಲಾನುಭವಿಗಳ ಹೆಸರನ್ನು ಬೆರಳಚ್ಚಿಸಿ, ಮುದ್ರಿಸಿ, ಮೂಲ ವಹಿಯೊಂದಿಗೆ ಓದಿ ತಾಳೆ ನೋಡಬೇಕು. ಇಷ್ಟಕ್ಕೆ ಅರ್ಧ ದಿನ ಬೇಕಾಗುತ್ತದೆ. ಸರಬರಾಜುದಾರರ ಪ್ರತಿನಿಧಿ ಅಲ್ಲಿಯವರೆಗೆ ಕಚೇರಿಯಲ್ಲೇ ಇರುವಂತೆ ಖರೀದಿ ಆದೇಶದಲ್ಲಿ ಒಂದು ಸಾಲು ಬರೆದಿಟ್ಟರೆ, ಮರುದಿನ ಯಾರಿಗೂ ದೂರವಾಣಿ ಮಾಡಬೇಕಾಗುವುದಿಲ್ಲ.